ಒಂದು ಚೀಟಿ, ಒಂದು ಪ್ರಶ್ನೆ: ಎಫ್‌ಎ ನೋಡ್ಕೊಂಡು ಪಾಠ ಮಾಡಿದ ನನ್ನ ಅನುಭವ

ಶಿಡ್ಲಘಟ್ಟ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ನಾನು 6, 7, 8ಕ್ಕೆ ಗಣಿತ ತಗೊಳ್ತೀನಿ, ಮೂರೂ ಕ್ಲಾಸು ಸೇರಿ ಎಂಬತ್ತೈದು ತೊಂಬತ್ತು ಮಕ್ಕಳು. ಪೀರಿಯಡ್ ಮುಗಿಯೋ ಮುಂಚೆ ಒಂದೇ ಒಂದು ಪ್ರಶ್ನೆ ಕೊಟ್ಟು, ಮಕ್ಕಳು ಚೀಟಿಲಿ ಬರೆದಿದ್ದನ್ನ ನೋಡಿ ನಾಳೆ ಏನು ಪಾಠ ಮಾಡ್ಬೇಕು ಅಂತ ತೀರ್ಮಾನ ಮಾಡೋದನ್ನ ಮೂರ್ನಾಲ್ಕು ವರ್ಷದಿಂದ ಮಾಡ್ತಾ ಇದೀನಿ. ಶುರು ಮಾಡಿದಾಗ ನಮ್ಮ ಕ್ಲಸ್ಟರಲ್ಲಿ, ಅಂದ್ರೆ ಸುತ್ತಮುತ್ತಲ ಶಾಲೆಗಳ ಗುಂಪಲ್ಲಿ, ಇದು ನಡೆಯಲ್ಲ ಅಂದವರೇ ಎಲ್ರೂ. "ಮೇಡಂ, ಇದೆಲ್ಲ ಟ್ರೈನಿಂಗಲ್ಲಿ ಕೇಳೋಕೆ ಚೆನ್ನಾಗಿರುತ್ತೆ, ನಿಮಗೆ ಪೋರ್ಷನ್ ಮುಗಿಯಲ್ಲ ನೋಡಿ" ಅಂತ ಸಮಾಲೋಚನಾ ಸಭೇಲಿ ಎಲ್ರ ಮುಂದೆ ಒಬ್ರು ಹಿರಿಯರು ಹೇಳಿದ್ರು. ಈಗ ಆ ಕ್ಲಸ್ಟರಲ್ಲಿ ಪೋರ್ಷನ್ ಮೊದ್ಲು ಮುಗಿಸೋದು ನಾನೇ, ಅದೂ ಹುಡುಗರಿಗೆ ಅರ್ಥ ಆಗಿ. ಹೋದ ವರ್ಷ ಅದೇ ಹಿರಿಯರು ಬಂದು ನನ್ನ ಏಳನೇ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿ ಹೋದ್ರು, ಆಮೇಲೆ ಇನ್ನೂ ಮೂರ್ನಾಲ್ಕು ಶಾಲೆಯವರು ಫೋನ್ ಮಾಡಿ ಕೇಳೋಕೆ ಶುರು ಮಾಡಿದ್ರು, ಒಬ್ಬೊಬ್ರಿಗೇ ಹೇಳೋ ಬದ್ಲು ಒಂದೇ ಸಲ ಬರೆದುಬಿಡೋಣ ಅಂತ ಇದು.

ಎಫ್‌ಎ, ಅಂದ್ರೆ ವರ್ಷದ ನಡುನಡುವೆ ಮಾಡೋ ರೂಪಣಾತ್ಮಕ ಮೌಲ್ಯಮಾಪನ, ಹೆಂಗೆ ನಡೆಯುತ್ತೆ ಅಂತ ನಮಗ್ಯಾರಿಗೂ ಹೇಳ್ಬೇಕಿಲ್ಲ. ಎಫ್‌ಎ 1, ಎಫ್‌ಎ 2, ಮಧ್ಯೆ ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ, ದೊಡ್ಡ ಪರೀಕ್ಷೆ), ಮತ್ತೆ ಎಫ್‌ಎ 3, ಎಫ್‌ಎ 4, ಒಂದು ಕಿರುಪರೀಕ್ಷೆ, ಎರಡು ಚಟುವಟಿಕೆ, ಅಂಕ ಕೂಡಿಸಿ ಗ್ರೇಡ್ ಹಾಕಿ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ಗೆ ಏರಿಸಿದ್ರೆ ಮುಗೀತು. ಈಗ ಪಾಠ ಆಧಾರಿತ ಮೌಲ್ಯಾಂಕನ ಬೇರೆ ಬಂದಿದೆ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೇಲೇ ನಿರಂತರ, ವ್ಯಾಪಕ ಮೌಲ್ಯಮಾಪನ ಅಂತ ಬರೆದಿದೆ, ಅದರ ಉದ್ದೇಶ ಒಳ್ಳೇದೇ. ಆದ್ರೆ ನಡೆಯೋದು ಏನಂದ್ರೆ, ಮಗುಗೆ ಏನು ಬರಲ್ಲ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಆ ಅಧ್ಯಾಯ ಮುಗಿದು ಒಂದು ತಿಂಗಳಾಗಿರುತ್ತೆ. ಅಂಕ ವಹಿಗೆ ಹೋಗುತ್ತೆ, ಪಾಠ ಮಾತ್ರ ಬದಲಾಗಲ್ಲ. ಪರಿಹಾರ ಬೋಧನೆ ಅಂತ ದಾಖಲೆ ಬರೀತೀವಿ, ಯಾವ ತಪ್ಪಿಗೆ ಪರಿಹಾರ ಅಂತ ಕೇಳಿದ್ರೆ ಆ ಪುಸ್ತಕದಲ್ಲಿ ಉತ್ತರ ಇರಲ್ಲ.

ನನಗೆ ಇದರ ಹುಚ್ಚು ಹಿಡಿಸಿದ್ದು ದಶಮಾಂಶ. ಏಳನೇ ಕ್ಲಾಸು, ಕಿರುಪರೀಕ್ಷೇಲಿ 0.35, 0.78 ಇದರಲ್ಲಿ ಯಾವುದು ದೊಡ್ಡದು ಅನ್ನೋ ಥರದ್ದು ನಾಲ್ಕು ಲೆಕ್ಕ, ಹೆಚ್ಚುಕಮ್ಮಿ ಎಲ್ರಿಗೂ ಪೂರ್ತಿ ಅಂಕ ಬಂದಿತ್ತು. ಮಾರನೇ ದಿನ ಸುಮ್ನೆ ಬೋರ್ಡ್ ಮೇಲೆ 0.5, 0.62, 0.375 ಬರೆದು ಯಾವುದು ದೊಡ್ಡದು ಅಂತ ಕೇಳಿದೆ. ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಇಪ್ಪತ್ತರ ಹತ್ತಿರ ಜನ 0.375 ಅಂದ್ರು, ನಾಲ್ಕೈದು ಜನ 0.5 ಅಂದ್ರು, ಸರಿಯಾಗಿ 0.62 ಅಂದವರು ಐದಾರು ಜನ. ಎ ಪ್ಲಸ್ ಬಂದಿದ್ದ ಹುಡುಗಿನೂ 0.375 ಅಂದಳು. ಯಾಕೆ ಅಂದ್ರೆ 0.35, 0.78 ಎರಡರಲ್ಲೂ ಚುಕ್ಕಿ ಆದ್ಮೇಲೆ ಎರಡೇ ಅಂಕಿ, ಮೂವತ್ತೈದು ಸಣ್ಣದು ಎಪ್ಪತ್ತೆಂಟು ದೊಡ್ಡದು ಅಂತ ಪೂರ್ಣಸಂಖ್ಯೆ ಥರ ಯೋಚನೆ ಮಾಡಿದ್ರೂ ಉತ್ತರ ಸರಿ ಬಂದುಬಿಡುತ್ತೆ. ಪ್ರಶ್ನೆನೇ ತಪ್ಪು ತಿಳುವಳಿಕೆನ ಮುಚ್ಚಿಡ್ತಾ ಇತ್ತು. 0.375 ಅಂದವರು ಮುನ್ನೂರ ಎಪ್ಪತ್ತೈದು ಅಂತ ಓದ್ಕೊಂಡಿದಾರೆ, 0.5 ಅಂದವರು ಇನ್ನೊಂದು ಥರ, ಅಂಕಿ ಜಾಸ್ತಿ ಆದಷ್ಟೂ ಚೂರು ಸಣ್ಣದಾಗುತ್ತೆ ಅಂತ ಅರ್ಧ ಕೇಳಿಸ್ಕೊಂಡವರು. ಇಬ್ರಿಗೂ ಒಂದೇ ಪಾಠ ಮತ್ತೆ ಮಾಡಿದ್ರೆ ಇಬ್ರಿಗೂ ಉಪಯೋಗ ಇಲ್ಲ. ಸರಿ ಉತ್ತರ ಉದ್ದದ್ದೂ ಅಲ್ಲ ಗಿಡ್ಡದ್ದೂ ಅಲ್ಲ, ನಡುವಿಂದು, ಅದಕ್ಕೇ ಆ ಪ್ರಶ್ನೆ ಕೆಲಸ ಮಾಡುತ್ತೆ. ಈ ಒಂದು ವಿಷಯ ಹಿಡ್ಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ.

ಚೀಟಿಗೆ ಬರೋ ಮುಂಚೆ ಬೇರೆ ಬೇರೆ ಮಾಡಿ ನೋಡಿದ್ದು ಕೈ ಕೊಟ್ಟಿತ್ತು, ಅದನ್ನ ಹೇಳ್ತೀನಿ, ಯಾಕಂದ್ರೆ ಬಹಳ ಜನ ಅಲ್ಲಿಗೇ ನಿಂತು ಇದಾಗಲ್ಲ ಅಂತಾರೆ. ಮೊದ್ಲು ಕೆಂಪು, ಹಳದಿ, ಹಸಿರು ಕಾರ್ಡು. ಅರ್ಥ ಆಗಿದ್ರೆ ಹಸಿರು ಎತ್ತು, ಅರ್ಧ ಆಗಿದ್ರೆ ಹಳದಿ, ಆಗದಿದ್ರೆ ಕೆಂಪು. ಡ್ರಾಯಿಂಗ್ ಶೀಟ್ ತಂದು ಕತ್ತರಿಸಿ ಇನ್ನೂರು ಮುನ್ನೂರು ರೂಪಾಯಿ ಆಯ್ತು. ಎಲ್ರೂ ಹಸಿರು! ಮೊದಲ ಬೆಂಚಿನ ಹುಡುಗ ಏನು ಎತ್ತುತಾನೆ ಅಂತ ನೋಡಿ ಉಳಿದವರು ಅದನ್ನೇ ಎತ್ತೋದು. "ಅರ್ಥ ಆಯ್ತಾ ಮಕ್ಕಳೇ" ಅಂತ ಕೇಳಿದ್ರೆ "ಆಯ್ತು ಮಿಸ್" ಅಂತ ರಾಗವಾಗಿ ಬರುತ್ತಲ್ಲ, ಅದೇ ಉತ್ತರ ಬಣ್ಣದಲ್ಲಿ ಬಂತು ಅಷ್ಟೇ. ಅವತ್ತಿಂದ ನಾನು ಅರ್ಥ ಆಯ್ತಾ ಅನ್ನೋ ಪ್ರಶ್ನೆ ಕೇಳೋದೇ ಬಿಟ್ಟಿದೀನಿ. ಮಗುಗೆ ತನಗೆ ಏನು ಗೊತ್ತಿಲ್ಲ ಅಂತ ಗೊತ್ತಿದ್ರೆ ಅರ್ಧ ಕೆಲಸ ಮುಗಿದಂಗೆ, ಆ 0.375 ಅಂದ ಇಪ್ಪತ್ತು ಜನಕ್ಕೂ ತಮಗೆ ಗೊತ್ತು ಅಂತಲೇ ಇತ್ತು, ಅವರು ಸುಳ್ಳು ಹೇಳ್ತಿರಲಿಲ್ಲ.

ಆಮೇಲೆ ಬಿಳೀ ಎ4 ಹಾಳೆ ಲ್ಯಾಮಿನೇಷನ್ ಮಾಡಿಸಿ ಒಬ್ಬೊಬ್ರಿಗೂ ಒಂದೊಂದು ಪುಟ್ಟ ವೈಟ್‌ಬೋರ್ಡು. ಒಂದಕ್ಕೆ ಇಪ್ಪತ್ತು ಇಪ್ಪತ್ತೈದು ರೂಪಾಯಿ, ಮಾರ್ಕರ್ ಬೇರೆ ಅಷ್ಟೇ ರೇಟು, ಒಂದು ಕ್ಲಾಸಿಗೇ ಒಂದೂವರೆ ಎರಡು ಸಾವಿರ ನನ್ನ ಕೈಯಿಂದ ಹೋಯ್ತು. ಮೊದಲ ವಾರ ಹಬ್ಬ. ಎಲ್ರೂ ಒಟ್ಟಿಗೆ ಎತ್ತಿ ತೋರಿಸಿದ್ರೆ ಒಂದೇ ನೋಟಕ್ಕೆ ಇಡೀ ಕ್ಲಾಸು ಕಾಣುತ್ತೆ, ಅದು ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು. ಆದ್ರೆ ಮಾರ್ಕರ್ ಮುಚ್ಚಳ ತೆಗೆದಿಟ್ಟು ಮೂರನೇ ವಾರಕ್ಕೆ ಅರ್ಧ ಒಣಗಿ ಹೋಯ್ತು, ಲ್ಯಾಮಿನೇಷನ್ ಅಂಚು ಬಿಟ್ಕೊಂಡು ಒಳಗೆ ನೀರು ಹೋಯ್ತು, ಒರೆಸಿದ ಮಸಿ ಎಲ್ಲ ಯೂನಿಫಾರಂಗೆ, ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಲಿ ಒಬ್ಬ ತಾಯಿ ಬಂದು ತೋರಿಸಿ ಹೋದ್ರು. ಶಾಲಾ ಅನುದಾನದಲ್ಲಿ ಕೇಳಿದ್ರೆ ಸುಣ್ಣಬಣ್ಣಕ್ಕೆ ನಲ್ಲಿ ರಿಪೇರಿಗೇ ಸಾಲಲ್ಲ. ಅದಾದ್ಮೇಲೆ ಕಾರ್ಡ್ ಎತ್ತಿ ಹಿಡಿದ್ರೆ ಟೀಚರ್ ಫೋನಲ್ಲಿ ಸ್ಕ್ಯಾನ್ ಮಾಡೋ ಒಂದು ಆಪ್ ಇದೆಯಲ್ಲ, ಅದನ್ನೂ ಮಾಡಿದೆ. ಮಕ್ಕಳ ಹತ್ರ ಫೋನ್ ಬೇಕಿಲ್ಲ, ಕಾರ್ಡ್‌ನ ಯಾವ ಬದಿ ಮೇಲೆ ಹಿಡಿದಿದಾರೆ ಅನ್ನೋದರ ಮೇಲೆ ಎ ಬಿ ಸಿ ಡಿ ಗೊತ್ತಾಗುತ್ತೆ, ಬುದ್ಧಿವಂತಿಕೆ ಕೆಲಸವೇ. ಆದ್ರೆ ನಮ್ಮ ರೂಮಲ್ಲಿ ಕಿಟಕಿ ಬೆಳಕು ಎದುರಿಗೆ ಬೀಳುತ್ತೆ, ಹಿಂದಿನ ಸಾಲು ಸಿಗಲ್ಲ, ಕಾರ್ಡ್ ಮಡಚಿ ಹೋದ್ರೆ ಓದಲ್ಲ, ಮತ್ತೆ ಅದರಲ್ಲಿ ಬರೀ ಆಯ್ಕೆ ಸಿಗುತ್ತೆ, ಮಗು ಹೆಂಗೆ ಲೆಕ್ಕ ಮಾಡ್ತು ಅನ್ನೋದು ಸಿಗಲ್ಲ. ನನಗೆ ಬೇಕಿರೋದು ಆ ಹೆಂಗೆ ಅನ್ನೋದೇ.

ಕೊನೆಗೆ ನಿಂತಿದ್ದು ಹಾಳೆ ಚೀಟಿ. ಎ4 ಹಾಳೆ ಎಂಟು ತುಂಡು, ಒಂದು ರೀಮ್ ಇನ್ನೂರೈವತ್ತು ಮುನ್ನೂರು ರೂಪಾಯಿ, ನಾಲ್ಕು ಸಾವಿರ ಚೀಟಿ ಆಗುತ್ತೆ. ಈಗ ಅದೂ ಕೊಳ್ಳಲ್ಲ, ಶಿಡ್ಲಘಟ್ಟ ಬಸ್ ಸ್ಟ್ಯಾಂಡ್ ಹತ್ರದ ಜೆರಾಕ್ಸ್ ಅಂಗಡಿಯವರು ಒಂದು ಮಗ್ಗುಲು ಹಾಳಾಗಿರೋ ಹಾಳೆ ಎತ್ತಿಟ್ಟಿರ್ತಾರೆ, ತಿಂಗಳಿಗೊಂದ್ಸಲ ತರ್ತೀನಿ. ವರ್ಷಕ್ಕೆ ನನ್ನ ಖರ್ಚು ನಾನೂರು ಐನೂರು ಮೀರಲ್ಲ, ಅದರಲ್ಲೂ ಅರ್ಧ ರಬ್ಬರ್ ಬ್ಯಾಂಡು, ಕ್ಲಿಪ್ಪು, ಹಳೇ ಬಿಸ್ಕತ್ ಡಬ್ಬ. ದಿನಾ ಮಾಡಲ್ಲ, ಹೊಸ ವಿಷಯ ಬಂದ ದಿನ, ಅಂದ್ರೆ ವಾರಕ್ಕೆ ಎರಡು ಮೂರು ಸಲ ಪ್ರತಿ ಕ್ಲಾಸಿಗೆ. ಕೊನೇ ಐದು ನಿಮಿಷ, ಬೋರ್ಡ್ ಮೇಲೆ ಪ್ರಶ್ನೆ, ಚೀಟಿಲಿ ಹೆಸರು, ಉತ್ತರ, ಕೆಳಗೆ ಹೆಂಗೆ ಮಾಡಿದೆ ಅನ್ನೋದು ಒಂದು ಸಾಲು. ಆ ಒಂದು ಸಾಲು ಬರೆಸೋಕೆ ಮೊದಲ ತಿಂಗಳು ಒದ್ದಾಟ. "ಮನಸಲ್ಲಿ ಮಾಡಿದೆ" ಅಂತಲೇ ಎಲ್ಲಾ ಚೀಟಿಲೂ ಇರೋದು. ಆಮೇಲೆ "ಮೂರನೇ ಕ್ಲಾಸಿನ ತಂಗಿಗೆ ಹೇಳೋ ಥರ ಬರಿ" ಅಂದೆ, ಆಗ ಬರೆಯೋಕೆ ಶುರು ಮಾಡಿದ್ರು.

ಚೀಟಿ ವಿಂಗಡಣೆ ಮಧ್ಯಾಹ್ನ ಊಟದ ಹೊತ್ತಲ್ಲೋ ವಾಪಸ್ ಬಸ್ಸಲ್ಲೋ, ಮೂವತ್ತು ಚೀಟಿಗೆ ಏಳೆಂಟು ನಿಮಿಷ ಸಾಕು. ಟಿಕ್ ಹಾಕಲ್ಲ, ಅಂಕ ಹಾಕಲ್ಲ, ಬರೀ ಮೂರು ಕಟ್ಟು. ಸರಿ ಮಾಡಿದ್ದು, ತಪ್ಪು ಆದ್ರೆ ನಾನು ಊಹಿಸಿದ್ದ ತಪ್ಪು, ಮತ್ತೆ ನನಗೇ ಅರ್ಥ ಆಗದ ತಪ್ಪು. ಮೂರನೇ ಕಟ್ಟು ಬಹಳ ಬೆಲೆಬಾಳೋದು, ಅದರಲ್ಲಿರೋ ಮಕ್ಕಳನ್ನ ಮಾರನೇ ದಿನ ಪ್ರಾರ್ಥನೆಗೆ ಮುಂಚೆ ಕರೆದು ಬಾಯಲ್ಲಿ ಕೇಳ್ತೀನಿ, ಎರಡೇ ನಿಮಿಷ. ಎರಡನೇ ಕಟ್ಟು ಕ್ಲಾಸಿನ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇದ್ರೆ ನಾಳೆ ಮೊದಲ ಕಾಲು ಗಂಟೆ ಇಡೀ ಕ್ಲಾಸಿಗೆ ಮತ್ತೆ ಪಾಠ, ಆದ್ರೆ ನಿನ್ನೆ ಮಾಡಿದ ಥರ ಅಲ್ಲ, ಬೇರೆ ಥರ. ನಾಲ್ಕೈದೇ ಇದ್ರೆ ಉಳಿದವರಿಗೆ ಗಟ್ಟಿ ಲೆಕ್ಕ ಕೊಟ್ಟು ಈ ನಾಲ್ಕೈದು ಜನರನ್ನ ಜಗಲಿಗೆ ಕರ್ಕೊಂಡು ಕೂರ್ತೀನಿ. ಎಲ್ಲಾ ಸರಿ ಇದ್ರೆ ಆ ಅಭ್ಯಾಸದ ಮಿಕ್ಕ ಲೆಕ್ಕ ಮಾಡ್ಸೋದೇ ಇಲ್ಲ, ಮುಂದಕ್ಕೆ. ಪೋರ್ಷನ್ ಮುಗಿಯೋ ಗುಟ್ಟು ಇಲ್ಲೇ ಇರೋದು. ಗೊತ್ತಿರೋ ಲೆಕ್ಕನ ಹದಿನಾಲ್ಕು ಸಲ ಬೋರ್ಡಿಂದ ಕಾಪಿ ಮಾಡ್ಸಿ ನಾವು ಎಷ್ಟು ಪೀರಿಯಡ್ ಕಳೀತಿದೀವಿ ಅಂತ ಚೀಟಿ ನೋಡೋ ತನಕ ನನಗೂ ಅಂದಾಜಿರಲಿಲ್ಲ. ವರ್ಷಕ್ಕೆ ಏನಿಲ್ಲ ಅಂದ್ರೂ ಇಪ್ಪತ್ತು ಇಪ್ಪತ್ತೈದು ಪೀರಿಯಡ್ ನನಗೆ ಉಳಿಯುತ್ತೆ.

ದಶಮಾಂಶಕ್ಕೆ ಬೇರೆ ಥರ ಪಾಠ ಅಂದ್ರೆ ಏನು ಮಾಡಿದೆ ಅಂತ ಬಹಳ ಜನ ಕೇಳಿದಾರೆ. ಟೈಲರ್ ಟೇಪು, ಹತ್ತು ಹದಿನೈದು ರೂಪಾಯಿದು, ಒಂದು ಮೀಟರಿಗೆ ಕತ್ತರಿಸಿ ಜಗಲಿ ನೆಲಕ್ಕೆ ಅಂಟಿಸಿದೆ. ಈ ಕಡೆ ಸೊನ್ನೆ ಆ ಕಡೆ ಒಂದು. 0.5 ಎಲ್ಲಿ ಬರುತ್ತೆ, ಐವತ್ತು ಸೆಂಟಿಮೀಟರ್ ಹತ್ರ ಸೀಮೆಸುಣ್ಣದಲ್ಲಿ ಗೆರೆ ಎಳಿ. 0.62 ಅರವತ್ತೆರಡರ ಹತ್ರ. 0.375 ಅಂದಾಗ ಆ ಇಪ್ಪತ್ತು ಜನರಲ್ಲಿ ಒಬ್ಬ ಹುಡುಗ ಟೇಪಿನ ಕೊನೆ ತನಕ ನಡ್ಕೊಂಡು ಹೋದ, ಅಲ್ಲಿ ಮುನ್ನೂರ ಎಪ್ಪತ್ತೈದು ಇಲ್ಲ, ನೂರಕ್ಕೇ ಮುಗೀತು. ನಿಂತ. ವಾಪಸ್ ಬಂದು ಮೂವತ್ತೇಳೂವರೆ ಹತ್ರ ಕೂತ್ಕೊಂಡು "ಇದು ಅರ್ಧಕ್ಕಿಂತ ಕಮ್ಮಿ ಕಣೋ" ಅಂತ ಪಕ್ಕದವನಿಗೆ ಹೇಳಿದ. ನಾನು ಬಾಯಿ ಬಿಡಲಿಲ್ಲ. ಅವತ್ತಿನ ಚೀಟಿಲಿ ತಪ್ಪು ಮಾಡಿದವರು ನಾಲ್ಕೋ ಐದೋ ಜನ.

ಇಲ್ಲೊಂದು ವಿಷಯ, ನಮ್ಮ ಕಡೆಗೇ ಸೇರಿದ್ದು. ನಮ್ಮ ಊರಲ್ಲಿ ಮನೆಮನೇಲಿ ರೇಷ್ಮೆ, ಮಕ್ಕಳು ಗೂಡು ಮಾರ್ಕೆಟ್ ಚೀಟಿ ನೋಡಿರ್ತಾರೆ, ಹಂಗಾಗಿ ದಶಮಾಂಶನ ಗೂಡಿನ ತೂಕದಲ್ಲಿ ಹೇಳ್ಕೊಟ್ರೆ ಚೆನ್ನಾಗಿ ಹತ್ತುತ್ತೆ ಅಂತ ಎಲ್ರೂ ಹೇಳ್ತಾರೆ, ಸ್ಥಳೀಯ ಸಂದರ್ಭ ಅಂತ ತರಬೇತಿಲೂ ಹೇಳ್ತಾರೆ. ಮಕ್ಕಳು ಬರೆದ ಚೀಟಿ ಬೇರೆ ಕಥೆ ಹೇಳ್ತು. 62.350 ಕೆಜಿ ಅಂತ ಮಾರ್ಕೆಟ್ ಚೀಟಿಲಿ ಇದ್ರೆ ಮಕ್ಕಳು ಅರವತ್ತೆರಡು ಕೆಜಿ ಮುನ್ನೂರೈವತ್ತು ಗ್ರಾಂ ಅಂತ ಪಟ್ಟನೆ ಓದ್ತಾರೆ. ಸರಿ. ಅದೇ 62.4 ಕೆಜಿ ಅಂತ ಬರೆದ್ರೆ "ಅರವತ್ತೆರಡು ಕೆಜಿ ನಾಲ್ಕು ಗ್ರಾಂ". ಕ್ಲಾಸಿನ ಮುಕ್ಕಾಲು ಪಾಲು! ಅವರಿಗೆ ಚುಕ್ಕಿ ಅಂದ್ರೆ ಕೆಜಿಗೂ ಗ್ರಾಮಿಗೂ ಮಧ್ಯೆ ಇರೋ ಬೇಲಿ ಅಷ್ಟೇ, ರೂಪಾಯಿ ಪೈಸೆಲೂ ಹಂಗೇ. ತೂಕದಲ್ಲಿ ಯಾವಾಗ್ಲೂ ಮೂರು ಅಂಕಿ, ದುಡ್ಡಲ್ಲಿ ಯಾವಾಗ್ಲೂ ಎರಡು ಅಂಕಿ ಇರೋದ್ರಿಂದ ಈ ತಪ್ಪು ಎಂದೂ ಬಯಲಾಗಲ್ಲ. ಅದಕ್ಕೆ ನಾನು ಮೊದ್ಲು ಟೇಪು, ಆಮೇಲೆ ಗೂಡು. ಟೇಪಾದ್ಮೇಲೆ 62.4 ಮತ್ತೆ 62.350 ಇಟ್ರೆ ಯಾವ ಲಾಟ್ ತೂಕ ಜಾಸ್ತಿ ಅಂತ ಹೇಳ್ತಾರೆ, ಐವತ್ತು ಗ್ರಾಂ ವ್ಯತ್ಯಾಸಕ್ಕೆ ಎಷ್ಟು ದುಡ್ಡು ಅಂತ ಅವತ್ತಿನ ರೇಟಲ್ಲಿ ಲೆಕ್ಕನೂ ಹಾಕ್ತಾರೆ.

ಒಳ್ಳೇ ಪ್ರಶ್ನೆ ಮಾಡೋದು ಹೆಂಗೆ ಅನ್ನೋದೇ ಇದರ ಜೀವ. ಒಂದು ಪ್ರಶ್ನೇಲಿ ಒಂದೇ ವಿಷಯ ಇರ್ಬೇಕು, ಎರಡು ನಿಮಿಷ ಮೀರಬಾರ್ದು, ತಪ್ಪು ದಾರೀಲಿ ಹೋದವನು ಸರಿ ಉತ್ತರಕ್ಕೆ ಬರೋಕೆ ಆಗ್ಲೇಬಾರ್ದು. ಎರಡನೇ ಒಂದು ಕೂಡಿಸು ಮೂರನೇ ಒಂದು ಕೊಟ್ರೆ ಮೇಲಿಂದು ಮೇಲೆ ಕೆಳಗಿಂದು ಕೆಳಗೆ ಕೂಡಿಸಿದವನು ಐದನೇ ಎರಡು ಅಂತ ಬರೀತಾನೆ, ಬೇರೆ ಏನೂ ಕೇಳ್ಬೇಕಿಲ್ಲ, ಯಾರು ಏನು ಯೋಚನೆ ಮಾಡಿದ್ರು ಅಂತ ಉತ್ತರದಲ್ಲೇ ಬರೆದಿರುತ್ತೆ. ಆಮೇಲೆ ಅದನ್ನೇ ಹಿಡ್ಕೊಂಡು "ಐದನೇ ಎರಡು ಅರ್ಧಕ್ಕಿಂತ ಜಾಸ್ತಿನೋ ಕಮ್ಮಿನೋ" ಅಂತ ಒಂದು ಮಾತು ಕೇಳಿದ್ರೆ ಸಾಕು, ಅರ್ಧಕ್ಕೆ ಇನ್ನೊಂದಷ್ಟು ಸೇರಿಸಿ ಅರ್ಧಕ್ಕಿಂತ ಕಮ್ಮಿ ಆಗಿದ್ದು ಹೆಂಗೆ ಅಂತ ಅವರೇ ಜಗಳ ಆಡ್ತಾರೆ. ತಪ್ಪು ಉತ್ತರಗಳನ್ನ ನಮ್ಮ ತಲೆಯಿಂದ ಊಹಿಸೋಕೆ ಹೋಗ್ಬೇಡಿ, ಹೋದ ವರ್ಷದ ಮಕ್ಕಳ ನೋಟ್‌ಬುಕ್ಕಿಂದ ಎತ್ಕೊಳ್ಳಿ. ನನ್ನ ಹತ್ರ ಈಗ ಇನ್ನೂರರ ಹತ್ತಿರ ಇಂಥ ಪ್ರಶ್ನೆ ಇರೋ ಒಂದು ಲಾಂಗ್ ಬುಕ್ ಇದೆ, ಅದನ್ನ ಪೂರ್ತಿ ಇಲ್ಲಿ ಹಾಕಲ್ಲ, ಕೇಳ್ಬೇಡಿ. ಪ್ರಶ್ನೆ ರೆಡಿಮೇಡ್ ಸಿಕ್ಕಿದ್ರೆ ಅದೂ ಇನ್ನೊಂದು ಕಿರುಪರೀಕ್ಷೆ ಆಗಿ ಅಂಕ ಹಾಕಿ ಮುಗಿಸ್ತೀವಿ. ಪಕ್ಕದವರ ಚೀಟಿ ನೋಡಿ ಬರೆಯೋದನ್ನ ತಡೆಯೋಕೂ ಒಂದು ಉಪಾಯ ಮಾಡ್ಕೊಂಡಿದೀನಿ, ಅದನ್ನೂ ಹೇಳಲ್ಲ, ನಮ್ಮ ಮಕ್ಕಳ ಅಣ್ಣಂದಿರು ಅಕ್ಕಂದಿರು ಎಲ್ರೂ ಫೋನ್ ನೋಡ್ತಾರೆ.

ಸಮ ಚಿಹ್ನೆದು ಒಂದು ಪ್ರಯೋಗ ಮಾಡಿದೆ, ಇದನ್ನ ನೀವೂ ನಾಳೆನೇ ಮಾಡಿ ನೋಡ್ಬಹುದು. 8 + 4 = □ + 5. ಆ ಚೌಕದಲ್ಲಿ ಏನು ಬರುತ್ತೆ? ಐದನೇ ಕ್ಲಾಸಿಗೆ ಕೊಟ್ಟೆ, ಎಂಟನೇ ಕ್ಲಾಸಿಗೂ ಕೊಟ್ಟೆ. 12 ಅಂತ ಬರೆದವರು ಸಮ ಚಿಹ್ನೆ ಅಂದ್ರೆ "ಇಲ್ಲಿ ಉತ್ತರ ಬರಿ" ಅಂತ ತಿಳ್ಕೊಂಡವರು, 17 ಬರೆದವರು ಕಂಡಿದ್ದನ್ನೆಲ್ಲ ಕೂಡಿಸಿದವರು, 7 ಬರೆದವರಿಗೆ ಮಾತ್ರ ಎರಡೂ ಕಡೆ ಸಮ ಇರ್ಬೇಕು ಅಂತ ಗೊತ್ತು. ಐದನೇ ಕ್ಲಾಸಲ್ಲಿ 7 ಬರೆದವರು ಮೂರ್ನಾಲ್ಕು ಜನ, ಅದು ಪರವಾಗಿಲ್ಲ. ಎಂಟನೇ ಕ್ಲಾಸಲ್ಲೂ ಅರ್ಧ ಜನ 12! ಅವರಿಗೆ ನಾನು ಮುಂದಿನ ವಾರ ಸಮೀಕರಣ ಶುರು ಮಾಡೋದಿತ್ತು. ಆ ಕಡೆಯಿಂದ ಈ ಕಡೆಗೆ ತಂದ್ರೆ ಪ್ಲಸ್ಸು ಮೈನಸ್ ಆಗುತ್ತೆ ಅಂತ ಬಾಯಿಪಾಠ ಮಾಡ್ಸಿದ್ರೆ ಮಾಡ್ತಾರೆ, ಆದ್ರೆ ಯಾಕೆ ಅಂತ ಅವರಿಗೆ ಗೊತ್ತಾಗೋಕೆ ಸಾಧ್ಯವೇ ಇಲ್ಲ. ಸಮೀಕರಣ ಒಂದು ವಾರ ಮುಂದಕ್ಕೆ ಹಾಕಿ, ಊರಲ್ಲಿ ಅಟ್ಟದ ಮೇಲಿದ್ದ ಹಳೇ ತಕ್ಕಡಿ ತರಿಸಿ ಬರೀ ಈ ಥರದ ಚೌಕದ ಲೆಕ್ಕವೇ ಮಾಡ್ಸಿದೆ. ಎಚ್‌ಎಂಗೆ ಕೋಪ ಬಂತು, ಪಾಠ ಯೋಜನೆಲಿ ಇಲ್ವಲ್ಲ ಅಂದ್ರು. ಆಮೇಲೆ ಸಮೀಕರಣದ ಅಧ್ಯಾಯ ಹಿಂದಿನ ವರ್ಷಕ್ಕಿಂತ ಆರೇಳು ಪೀರಿಯಡ್ ಕಮ್ಮೀಲೇ ಮುಗೀತು, ಅವರೂ ಸುಮ್ಮನಾದ್ರು.

ತೆಲುಗು ಮಕ್ಕಳ ವಿಷಯ ಹೇಳ್ಲೇಬೇಕು. ನಮ್ಮ ಕಡೆ ಅರ್ಧಕ್ಕರ್ಧ ಮನೇಲಿ ತೆಲುಗು, ಬಾಗೇಪಲ್ಲಿ ಚಿಂತಾಮಣಿ ಕಡೆಯವರಿಗೆ ಇನ್ನೂ ಜಾಸ್ತಿ ಇರುತ್ತೆ. "ರಮೇಶನ ಹತ್ರ 12 ಚಂದ್ರಿಕೆ (ರೇಷ್ಮೆ ಹುಳು ಗೂಡು ಕಟ್ಟೋ ತಟ್ಟೆ) ಇದೆ, ಅದು ಸುರೇಶನ ಹತ್ರ ಇರೋದಕ್ಕಿಂತ 5 ಹೆಚ್ಚು, ಸುರೇಶನ ಹತ್ರ ಎಷ್ಟು" ಅಂತ ಕೊಟ್ರೆ ಹೆಚ್ಚು ಅನ್ನೋ ಪದ ಕಂಡ ತಕ್ಷಣ ಕೂಡಿಸಿ 17 ಅಂತ ಬರೀತಾರೆ. 17 ಬರೆದವರನ್ನ ಒಬ್ಬೊಬ್ರನ್ನೇ ಕರೆದು ಅದೇ ಲೆಕ್ಕನ ತೆಲುಗಲ್ಲಿ ಬಾಯಲ್ಲಿ ಕೇಳಿದೆ. ಮನೇಲಿ ತೆಲುಗು ಇರೋ ಮಕ್ಕಳಲ್ಲಿ ಅರ್ಧದಷ್ಟು ಜನ ಯೋಚನೆನೂ ಮಾಡ್ದೆ "ಏಡು" ಅಂದ್ರು. ಅವರಿಗೆ ಗಣಿತ ಬರುತ್ತೆ, ವಾಕ್ಯ ಬರಲ್ಲ. ಉಳಿದ ಅರ್ಧ ತೆಲುಗಲ್ಲೂ ಹದಿನೇಳೇ ಅಂದ್ರು, ಅವರಿಗೆ ಹೋಲಿಕೆನೇ ಬಂದಿಲ್ಲ. ಎರಡೂ ಗುಂಪಿಗೆ ಸಿ ಗ್ರೇಡ್ ಕೊಟ್ಟು ಒಂದೇ ಪರಿಹಾರ ಬೋಧನೆಗೆ ಕೂರಿಸ್ತಿದ್ವಿ ನಾವು ಇಷ್ಟು ವರ್ಷ. ಮೊದಲ ಗುಂಪಿಗೆ ಲೆಕ್ಕ ಮಾಡ್ಸೋದೇ ಬೇಡ, ಕನ್ನಡ ಟೀಚರ್ ಜೊತೆ ಸೇರಿ ಇಂಥ ವಾಕ್ಯಗಳನ್ನ ಓದಿಸಿ ಚಿತ್ರ ಬರೆಸಿದ್ವಿ, ಒಂದು ತಿಂಗಳಲ್ಲಿ ಸರಿ ಹೋದ್ರು.

ಇನ್ನೊಂದು ದೊಡ್ಡ ತಲೆನೋವು ಗೈರುಹಾಜರಿ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡೋ ಹೊತ್ತು) ಎದ್ದ ಮೇಲೆ ಹಣ್ಣಾಗೋ ತನಕ, ಅಂದ್ರೆ ಗೂಡು ಕಟ್ಟೋಕೆ ರೆಡಿ ಆಗೋ ತನಕ, ಒಂದು ವಾರ ಮನೇಲಿ ಯಾರಿಗೂ ಪುರುಸೊತ್ತಿಲ್ಲ, ಹುಳು ತಿನ್ನೋ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ಹಂತದಲ್ಲೇ ತಿನ್ನೋದು, ಮಕ್ಕಳು ಸೊಪ್ಪು ಹೊರೋಕೆ, ಹಣ್ಣುಹುಳ ಆರಿಸಿ ಚಂದ್ರಿಕೆಗೆ ಬಿಡೋಕೆ ನಿಂತ್ಕೊಳ್ತಾರೆ. ಬೈದ್ರೆ ಪ್ರಯೋಜನ ಇಲ್ಲ, ಅದು ಅವರ ಅನ್ನ. ಮುಂಚೆ ಬಂದ ಮೇಲೆ ಪಕ್ಕದವರ ನೋಟ್ಸ್ ಕಾಪಿ ಮಾಡ್ಕೊ ಅಂತಿದ್ವಿ, ಅದರಿಂದ ಕೈ ನೋವು ಬಿಟ್ರೆ ಇನ್ನೇನೂ ಬರಲ್ಲ. ಈಗ ಬರದೇ ಇದ್ದ ದಿನದ ಖಾಲಿ ಚೀಟಿ ಹೆಸರು ಬರೆದು ಅವರ ಕವರಿಗೆ ಹಾಕಿಡ್ತೀನಿ. ವಾಪಸ್ ಬಂದ ದಿನ ಆ ಎರಡು ಮೂರು ಪ್ರಶ್ನೆ ಒಟ್ಟಿಗೆ ಕೊಡ್ತೀನಿ, ಹತ್ತು ನಿಮಿಷ. ಯಾವುದು ಬಂತೋ ಅದು ಬಿಡು, ಯಾವುದು ಬರಲಿಲ್ವೋ ಅದಕ್ಕೆ ಆ ದಿನ ಸರಿ ಮಾಡಿದ್ದ ಒಂದು ಮಗುನ ಜೊತೆಗೆ ಕೂರಿಸ್ತೀನಿ. ವಾರ ಪೂರ್ತಿ ಬರದೇ ಇದ್ದವರೂ ಒಂದೇ ದಿನದಲ್ಲಿ ಕ್ಲಾಸಿಗೆ ಸೇರ್ಕೊಂಡಿದಾರೆ, ಇದು ಮಾತ್ರ ನನಗೆ ಬಹಳ ಹೆಮ್ಮೆ.

ಅಂಕ ಯಾಕೆ ಹಾಕಲ್ಲ ಅಂತ ಪೋಷಕರೂ ಕೇಳ್ತಾರೆ ಟೀಚರುಗಳೂ ಕೇಳ್ತಾರೆ. 1988ರಲ್ಲೇ ರೂತ್ ಬಟ್ಲರ್ ಅನ್ನೋ ಸಂಶೋಧಕಿ ಇಸ್ರೇಲಿನ ಮಕ್ಕಳ ಮೇಲೆ ಮಾಡಿದ ಅಧ್ಯಯನ ಇದೆ, ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಸುಧಾರಿಸಿದ್ರು, ಅಂಕ ಸಿಕ್ಕವರು ಸುಧಾರಿಸಲಿಲ್ಲ, ಅಂಕ ಟಿಪ್ಪಣಿ ಎರಡೂ ಒಟ್ಟಿಗೆ ಸಿಕ್ಕವರೂ ಸುಧಾರಿಸಲಿಲ್ಲ. ನಾನು ಅದನ್ನ ಆರನೇ ಕ್ಲಾಸಲ್ಲಿ ನನ್ನ ಮಟ್ಟಕ್ಕೆ ಮಾಡಿ ನೋಡಿದೆ. ಅರ್ಧ ಕ್ಲಾಸಿಗೆ ಐದಕ್ಕೆ ಇಷ್ಟು ಅಂತ ಅಂಕ, ಉಳಿದ ಅರ್ಧಕ್ಕೆ "0.5 ಅಂದ್ರೆ ಹತ್ತರಲ್ಲಿ ಐದು, ಹಂಗಾದ್ರೆ ನೂರರಲ್ಲಿ ಎಷ್ಟು?" ಅಂತ ಒಂದು ಸಾಲು. ಅಂಕ ಸಿಕ್ಕವರು ಪಕ್ಕದವರಿಗೆಷ್ಟು ಅಂತ ನೋಡಿ ಚೀಟಿ ಜೇಬಿಗೆ ಹಾಕ್ಕೊಂಡ್ರು. ಸಾಲು ಸಿಕ್ಕವರು ಪೆನ್ಸಿಲ್ ತಗೊಂಡು ಅಲ್ಲೇ ಉತ್ತರ ಬರೆಯೋಕೆ ಕೂತ್ರು. ಎರಡು ವಾರಕ್ಕೆ ಆ ಪ್ರಯೋಗ ನಿಲ್ಲಿಸಿ ಎಲ್ರಿಗೂ ಸಾಲೇ ಕೊಟ್ಟೆ, ಅಂಕದ ಗುಂಪಿಗೆ ಅನ್ಯಾಯ ಅನ್ನಿಸ್ತು. ಎಲ್ಲಾ ಚೀಟಿಗೂ ಬರೆಯೋಕಾಗಲ್ಲ, ಎರಡನೇ ಕಟ್ಟಿಗೆ ಮಾತ್ರ. ಒಂದೇ ಥರದ ತಪ್ಪಿಗೆ ಒಂದೇ ಸಾಲು, ಸ್ವಲ್ಪ ದಿನಕ್ಕೆ ಕೈ ತಾನಾಗೇ ಬರೆಯುತ್ತೆ.

ಮತ್ತೆ ತಪ್ಪು ಚೀಟಿನ ಕ್ಲಾಸಲ್ಲಿ ತೋರಿಸೋವಾಗ ಹುಷಾರು. ಮಗು ಬರೆದ ಚೀಟಿನೇ ಎತ್ತಿ ತೋರಿಸಿದ್ರೆ ಅಕ್ಷರ ನೋಡಿ ಯಾರದ್ದು ಅಂತ ಎರಡು ಸೆಕೆಂಡಲ್ಲಿ ಗೊತ್ತಾಗುತ್ತೆ. ನಾನು ನನ್ನ ಅಕ್ಷರದಲ್ಲಿ ಬೋರ್ಡ್ ಮೇಲೆ ಬರೆದು ಮೊದ್ಲು "ಇದರಲ್ಲಿ ಸರಿ ಏನಿದೆ" ಅಂತ ಕೇಳ್ತೀನಿ, ತಪ್ಪು ಎಲ್ಲಿ ಅನ್ನೋದು ಆಮೇಲೆ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು "ಮಿಸ್ ಅದು ನಂದೇ, ನಾನೇ ಹೇಳ್ತೀನಿ ಎಲ್ಲಿ ತಪ್ಪಿತು ಅಂತ" ಅಂದಳು. ಆ ಕ್ಲಾಸಲ್ಲಿ ಅದಾದ್ಮೇಲೆ ಯಾರೂ ತಪ್ಪನ್ನ ಮುಚ್ಚಿಡಲಿಲ್ಲ.

ಫಲಿತಾಂಶ ಕೇಳೋರಿಗೆ, ನೆನಪಿಂದ ಹೇಳ್ತೀನಿ. ಶುರು ಮಾಡೋ ಮುಂಚೆ ಏಳನೇ ಕ್ಲಾಸಲ್ಲಿ ಗಣಿತಕ್ಕೆ ಸಿ ಗ್ರೇಡು ಹತ್ತು ಹನ್ನೆರಡು ಇರ್ತಿತ್ತು, ಈಗ ಎರಡೋ ಮೂರೋ, ಅದೂ ಬಹಳ ಗೈರಾಗೋ ಮಕ್ಕಳು. ಎಂಟನೇ ಕ್ಲಾಸಿಂದ ಮುಂಚೆ ಎನ್‌ಎಂಎಂಎಸ್ ಅನ್ನೋ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೇಲಿ ಒಬ್ರು ಆಯ್ಕೆ ಆದ್ರೆ ಹೆಚ್ಚು, ಕಳೆದ ಎರಡು ವರ್ಷ ನಾಲ್ಕು ಐದು ಜನ ಆಗ್ತಿದಾರೆ, ಒಂಬತ್ತರಿಂದ ಪಿಯುಸಿ ಮುಗಿಯೋ ತನಕ ವರ್ಷಕ್ಕೆ ಹನ್ನೆರಡು ಸಾವಿರ ಅಂದ್ರೆ ನಮ್ಮ ಊರ ಮನೆಗಳಿಗೆ ಸಣ್ಣ ಮಾತಲ್ಲ. ಆ ಪರೀಕ್ಷೆಗೆ ಅಂತ ಸಾವಿರಗಟ್ಲೆ ಕೊಟ್ಟು ಕೋಚಿಂಗಿಗೆ ಕಳಿಸ್ತಿದ್ದ ಒಬ್ರು ತಂದೆ ಈ ವರ್ಷ ಎರಡನೇ ಮಗನ್ನ ಕೋಚಿಂಗಿಗೆ ಕಳಿಸಲಿಲ್ಲ, ಶಾಲೇಲೇ ಸಾಕು ಅಂದ್ರು. ದಾಖಲೆಗೂ ಒಳ್ಳೇದಾಯ್ತು, ಬಿಆರ್‌ಪಿ (ಶಾಲೆ ನೋಡೋಕೆ ಬರೋ ಬ್ಲಾಕ್ ಸಂಪನ್ಮೂಲ ವ್ಯಕ್ತಿ) ಬಂದಾಗ ಎಫ್‌ಎ ಚಟುವಟಿಕೆ ಎಲ್ಲಿ ಅಂದ್ರೆ ಬಿಸ್ಕತ್ ಡಬ್ಬ ತೆಗೆದು ಮುಂದಿಡ್ತೀನಿ, ಯಾವ ಮಗು ಯಾವ ತಿಂಗಳು ಏನು ತಪ್ಪು ಮಾಡ್ತಿತ್ತು ಯಾವಾಗ ಬಿಟ್ಟಿತು ಎಲ್ಲಾ ಅದರಲ್ಲೇ ಇದೆ.

ರೇಖಾಗಣಿತಕ್ಕೆ ಮಾತ್ರ ಇನ್ನೂ ಪೂರ್ತಿ ಕೂತಿಲ್ಲ. ಚೌಕನ ಮೂಲೆ ಮೇಲೆ ಓರೆಯಾಗಿ ನಿಲ್ಲಿಸಿ ಬರೆದ್ರೆ ಇದು ಚೌಕ ಅಲ್ಲ ಅಂತಾರೆ, ತ್ರಿಭುಜ ತಿರುಗಿಸಿದ್ರೆ ಎತ್ತರ ಎಲ್ಲಿ ಅಂತ ಗೊತ್ತಾಗಲ್ಲ, ಆದ್ರೆ ಇದನ್ನ ಚೀಟಿಲಿ ಬರೆಸೋಕೆ ಹೋದ್ರೆ ಚಿತ್ರ ಬರೆಯೋದ್ರಲ್ಲೇ ಐದು ನಿಮಿಷ ಹೋಗುತ್ತೆ. ಈ ವರ್ಷ ಚಿತ್ರ ಮುಂಚೆನೇ ಜೆರಾಕ್ಸ್ ಮಾಡ್ಸಿ ಚೀಟಿ ಮಾಡಿದೀನಿ, ಮೂವತ್ತು ಮಕ್ಕಳಿಗೆ ಹತ್ತು ರೂಪಾಯಿ ಒಳಗೆ ಬರುತ್ತೆ. ಎಫ್‌ಎ 3 ಹೊತ್ತಿಗೆ ಏನು ಬಂತು ಅಂತ ಇನ್ನೊಮ್ಮೆ ಬರೀತೀನಿ. ಯಾರಾದ್ರೂ ಕೋನಗಳಿಗೆ ಒಳ್ಳೇ ಪ್ರಶ್ನೆ ಮಾಡಿದ್ರೆ ನನಗೂ ಕಳಿಸಿ, ನನ್ನ ಲಾಂಗ್ ಬುಕ್ಕಿಂದ ಒಂದಕ್ಕೆ ಎರಡು ವಾಪಸ್ ಕಳಿಸ್ತೀನಿ.